ರಸ್ತೆಯನ್ನು ಅಪ್ಪಿಕೊಂಡ ಕಾರು

"ನೋಡ್ತಿರು ಜ್ಯೋತಿ, ನಾಳೆಯಿಂದ ನನ್ನ ಕಾರು ರಸ್ತೆ ಮೇಲೆ ಓಡಲ್ಲ. ರಸ್ತೇನ ಅಪ್ಕೊಂಡು ಓಡುತ್ತೆ!"

ವಿಶ್ವನಾಥ್ ಹೀಗೆ ಘೋಷಿಸಿದ್ದು ಯಾವ ಮೈದಾನದಲ್ಲೂ ಅಲ್ಲ, ಲಗ್ಗೆರೆಯ ತನ್ನ ಮನೆಯ ಅಡುಗೆಮನೆಯಲ್ಲಿ, ಮುದ್ದೆಯ ತಟ್ಟೆಯ ಮುಂದೆ. ಆದರೆ ದನಿಯಲ್ಲಿ ಮಾತ್ರ ಎದುರಿಗೆ ಸಾವಿರಾರು ಜನ ಕೂತಿರುವ ಗತ್ತು! ಅವನ ಹೆಂಡತಿ ಜ್ಯೋತಿಲಕ್ಷ್ಮಿ ಸಾರಿನ ಸೌಟನ್ನು ಗಾಳಿಯಲ್ಲೇ ನಿಲ್ಲಿಸಿ ಕೇಳಿದಳು:

"ಯಾಕೆ, ಇಷ್ಟ್ ದಿನ ರಸ್ತೆಗೂ ಅದಕ್ಕೂ ಮಾತು ಬಿಟ್ಟೋಗಿತ್ತಾ?"

"ಗ್ರಿಪ್ಪು ಕಣೇ, ಗ್ರಿಪ್ಪು! ಹೊಸ ಟಯರು ಹಾಕಿಸ್ತಿದೀನಿ. ಅಗಲವಾದ್ದು. ನಿಂಗೆ ಅದೆಲ್ಲ ಅರ್ಥ ಆಗಲ್ಲ."

"ಆಗುತ್ತೆ ಬಿಡಿ. ಮುದ್ದೆ ಆರೋಗ್ತಿದೆ, ಮೊದಲು ಅದನ್ನ ಗ್ರಿಪ್ಪಾಗಿ ಹಿಡ್ಕೊಳ್ಳಿ."

ವಿಶ್ವನಾಥ್ ಪೀಣ್ಯದಲ್ಲಿ ಸ್ಪ್ರಿಂಗ್ ತಯಾರಿಸುವ ಒಂದು ಸಣ್ಣ ಕಾರ್ಖಾನೆಯ ಮಾಲೀಕ. ಅದಕ್ಕೂ ಮುಂಚೆ ಅದೇ ಪೀಣ್ಯದ ಇನ್ನೊಂದು ಕಾರ್ಖಾನೆಯ ಗೇಟಿನಲ್ಲಿ ಕೆಂಪು ಬಾವುಟ ಹಿಡಿದು, ಗಂಟಲು ಹರಿಯುವಂತೆ ಮಾಲೀಕರಿಗೆ ಧಿಕ್ಕಾರ ಕೂಗಿದವನು. ಈಗ ಕೆಂಪು ಸ್ಪೋರ್ಟ್ಸ್ ಕಾರು ಇಟ್ಟುಕೊಂಡಿದ್ದ. ಸಿದ್ಧಾಂತದಲ್ಲಿ ಬಣ್ಣವೊಂದನ್ನಾದರೂ ನಿಷ್ಠೆಯಿಂದ ಉಳಿಸಿಕೊಂಡಿದ್ದ ಎಂದು ಅವನ ಹಳೆಯ ಸಂಗಾತಿಗಳು ಸಮಾಧಾನಪಡುತ್ತಿದ್ದರು.

ಕಾರು ಅವನಿಗೆ ಹೊಸದಾಗಿ ಬಂದದ್ದಲ್ಲ. ಹೂಡಿಯ ಅಪಾರ್ಟ್‌ಮೆಂಟಿನಲ್ಲಿದ್ದ ಸಾಫ್ಟ್‌ವೇರ್ ಎಂಜಿನಿಯರೊಬ್ಬ, ಮನೆಯಲ್ಲಿ ಮಗು ಹುಟ್ಟಿದ ಮೇಲೆ, ಎರಡೇ ಸೀಟಿನ ಕಾರಿನಲ್ಲಿ ಮೂರನೆಯವರನ್ನು ಎಲ್ಲಿ ಕೂರಿಸುವುದೆಂದು ತಿಳಿಯದೆ ಮಾರಿದ್ದ. ವಿಶ್ವನಾಥ್ ಅದನ್ನು ಭಾನುವಾರದ ಶೋಕಿಗೆ ಇಟ್ಟುಕೊಳ್ಳಲಿಲ್ಲ. ದಿನಾ ಕಾರ್ಖಾನೆಗೆ ಅದರಲ್ಲೇ ಹೋಗುತ್ತಿದ್ದ. ಲಗ್ಗೆರೆಯಿಂದ ಪೀಣ್ಯಕ್ಕೆ ಹೋಗುವ ದಾರಿಯಲ್ಲಿ ಅದರ ಮೂರನೇ ಗೇರು ಬೀರುವಿನಲ್ಲಿಟ್ಟ ಮದುವೆಯ ಪಂಚೆಯಂತೆ ಮಡಿಕೆ ಕೆಡದೆ ಉಳಿದಿತ್ತು. ಸೈಕಲ್ಲಿನವರು ಹಿಂದೆ ಹಾಕಿ ಹೋಗುತ್ತಿದ್ದರು. ಒಬ್ಬರಂತೂ ಹೋಗುತ್ತಾ ಗಾಜಿಗೆ ತಟ್ಟಿ "ಪೆಟ್ರೋಲ್ ಖಾಲೀನಾ ಸಾರ್?" ಎಂದು ಕಳಕಳಿಯಿಂದ ವಿಚಾರಿಸಿದ್ದರು.

ಇದಕ್ಕೆಲ್ಲ ಕಾರಣ ಟಯರೇ ಎಂದು ವಿಶ್ವನಾಥ್ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ತೀರ್ಮಾನಿಸಿದ್ದ. ಆ ವಿಡಿಯೋಗಳಲ್ಲಿ ಕಾರು ಓಡುತ್ತಿದ್ದ ರಸ್ತೆಯಲ್ಲಿ ಹಸುವಿರಲಿಲ್ಲ, ಗುಂಡಿಯಿರಲಿಲ್ಲ, ನೀರಿನ ಟ್ಯಾಂಕರ್ ಇರಲಿಲ್ಲ. ಇವು ಇಲ್ಲದಿರುವುದೂ ಟಯರಿನ ಮಹಿಮೆಯೇ ಎಂದು ಅವನು ಭಾವಿಸಿರಬೇಕು.

ತುಮಕೂರು ರಸ್ತೆಯ ಪಕ್ಕದ ಟಯರ್ ಅಂಗಡಿಯ ರಾಜೇಂದ್ರ ಕಾರನ್ನು ಒಂದು ಸುತ್ತು ಹಾಕಿ ಕೇಳಿದ:

"ದಿನಾ ಓಡಿಸೋ ಗಾಡೀನಾ ಸಾರ್?"

"ದಿನಾ. ಮಳೆ ಇರ್ಲಿ, ಬಿಸಿಲಿರ್ಲಿ."

"ಎಲ್ಲಿಂದ ಎಲ್ಲಿಗೆ?"

"ಲಗ್ಗೆರೆಯಿಂದ ಪೀಣ್ಯಕ್ಕೆ."

"ಆ ರೂಟಿಗೆ ಟ್ರ್ಯಾಕ್ಟರ್ ಟಯರ್ ಒಳ್ಳೇದು ಸಾರ್."

"ತಮಾಷೆ ಬೇಡ ಗುರು. ರೇಸಿಗೆ ಹಾಕ್ತಾರಲ್ಲ, ಆ ಥರದ್ದು ತೋರ್ಸು."

"ಅದು ಅಗಲ ಜಾಸ್ತಿ, ಎತ್ತರ ಕಮ್ಮಿ. ಗಾಡಿ ಒಂದ್ ಬೆರಳು ಕೆಳಗಿಳಿಯುತ್ತೆ, ಆಮೇಲೆ ನನ್ನ ಕೇಳ್ಬಾರ್ದು."

"ಇಳೀಲಿ! ಸಿಂಹ ಹಾರೋಕೆ ಮುಂಚೆ ಬಗ್ಗಲ್ವಾ?"

"ಬಗ್ಗುತ್ತೆ ಸಾರ್. ಆದ್ರೆ ಸಿಂಹದ ಹೊಟ್ಟೆ ಕೆಳಗೆ ಸೈಲೆನ್ಸರ್ ಇರಲ್ಲ."

ವಿಶ್ವನಾಥ್ ಕೇಳಲಿಲ್ಲ. ಕೇಳುವ ಜಾಯಮಾನವಿದ್ದಿದ್ದರೆ ಅವನು ಹೋರಾಟಕ್ಕೂ ಇಳಿಯುತ್ತಿರಲಿಲ್ಲ, ಕಾರ್ಖಾನೆಯನ್ನೂ ಹಾಕುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ನಾಲ್ಕೂ ಚಕ್ರಕ್ಕೆ ಹೊಸ ಟಯರು ಬಂತು. ಟಯರೆಂದರೆ ಏನು, ಅಗಲಕ್ಕೆ ರೊಟ್ಟಿ ಕಲ್ಲಿನಂತೆ, ಎತ್ತರಕ್ಕೆ ಚಕ್ರಕ್ಕೆ ತೊಡಿಸಿದ ರಬ್ಬರ್ ಬಳೆಯಂತೆ! ವಿಶ್ವನಾಥ್ ಅದನ್ನು ಕರುವಿನ ಬೆನ್ನು ಸವರುವಂತೆ ಸವರಿದ. ಮರುದಿನ ಕಾರ್ಖಾನೆಯ ಗೇಟಿನಲ್ಲಿ ಕೆಲಸಗಾರರೆಲ್ಲ ಸುತ್ತುವರಿದಾಗ ಎದೆಯುಬ್ಬಿಸಿ ಇಳಿದ.

"ಏನ್ ಸಾರ್, ನಾಲ್ಕೂ ಪಂಕ್ಚರ್ ಆಗೋಗಿದ್ಯಾ?" ಎಂದರು ಅವರು ಮರುಕದಿಂದ.

ಇಷ್ಟಕ್ಕೇ ನಿಂತಿದ್ದರೆ ಇದು ಗಂಡಸರ ಚಿಲ್ಲರೆ ಜಂಬದ ಕತೆಯಾಗಿ ಮುಗಿಯುತ್ತಿತ್ತು. ಆದರೆ ಆ ವಾರವೇ ಜ್ಯೋತಿಲಕ್ಷ್ಮಿಯ ತಂಗಿ ದಿವ್ಯಾಳ ಫೋನು ಬಂತು.

ಅಕ್ಕತಂಗಿಯರು ಸರಿಯಾಗಿ ಮಾತಾಡಿ ವರ್ಷಗಳೇ ಆಗಿದ್ದವು. ಜಗಳ ಹತ್ತಿದ್ದು ಆಸ್ತಿಗಲ್ಲ, ಒಡವೆಗಲ್ಲ, ಒಂದು ಹಿತ್ತಾಳೆ ಪಾತ್ರೆಗೆ. ಅವರ ತಾಯಿ ಬಳಗದಲ್ಲಿ ಯಾರ ಮನೆಯ ಗೃಹಪ್ರವೇಶವಾದರೂ ಆ ಪಾತ್ರೆಯಲ್ಲೇ ಹಾಲುಕ್ಕಿಸುತ್ತಿದ್ದರು. ತಾಯಿ ತೀರಿಕೊಂಡ ಮೇಲೆ ಪಾತ್ರೆ ಅಕ್ಕನ ಮನೆಯ ಅಟ್ಟ ಸೇರಿತು. ತಂಗಿಯ ಮನಸ್ಸು ಅಲ್ಲಿಂದ ಮುರಿಯಿತು. ಈಗ ಮಾಕಳಿಯಲ್ಲಿ ದಿವ್ಯಾ ಮನೆ ಕಟ್ಟಿದ್ದಳು. ಎಲ್ಲ ಬಿಗುಮಾನ ಬಿಟ್ಟು ತಾನಾಗಿಯೇ ಫೋನ್ ಮಾಡಿ, "ಅಕ್ಕಾ, ಅಮ್ಮನ ಪಾತ್ರೆ ತಗೊಂಡ್ ಬಾ. ಅಮ್ಮನ ಜಾಗದಲ್ಲಿ ನಿಂತು ಹಾಲು ನೀನೇ ಉಕ್ಕಿಸ್ಬೇಕು" ಎಂದಿದ್ದಳು. ಜ್ಯೋತಿಲಕ್ಷ್ಮಿ ಫೋನಿಟ್ಟು, ಯಾರಿಗೂ ಕಾಣದಂತೆ ಸೆರಗಿನಲ್ಲಿ ಮೂಗೊರೆಸಿಕೊಂಡು, ಪಾತ್ರೆಯನ್ನು ಇಳಿಸಿ ಹುಣಸೆಹಣ್ಣು ಹಚ್ಚಿ ಉಜ್ಜತೊಡಗಿದವಳು ಅದು ಕನ್ನಡಿಯಾಗುವವರೆಗೆ ಬಿಡಲಿಲ್ಲ.

ಒಂದೇ ಒಂದು ಆತಂಕವಿತ್ತು. ದಿವ್ಯಾಳ ಗಂಡನ ಅಕ್ಕ ಕೃಷ್ಣಮ್ಮ ಬಹಳ ಮುಂದಾಳತ್ವದ ಹೆಂಗಸು. ಬೇರೆಯವರ ಮನೆಯ ಒಲೆಯನ್ನೂ ತಾನೇ ಹಚ್ಚುವವಳು. ಮುಹೂರ್ತ ಶುಕ್ರವಾರ, ಹತ್ತೂವರೆಗೆ ರಾಹುಕಾಲ. ಅಷ್ಟರೊಳಗೆ ಹಸು ಮನೆ ಹೊಕ್ಕು, ಹಿಂದೆಯೇ ಹಾಲುಕ್ಕಬೇಕು. ತಡವಾದರೆ ಕೃಷ್ಣಮ್ಮ ತನ್ನ ಸ್ಟೀಲ್ ಪಾತ್ರೆ ಇಟ್ಟೇ ಬಿಡುತ್ತಾಳೆ.

"ನಾನು ಬೆಳಗ್ಗೆ ಬೇಗ ಆಟೋದಲ್ಲಿ ಹೋಗ್ತೀನಿ. ನೀವು ಹಿಂದಿನಿಂದ ಬನ್ನಿ" ಎಂದಳು ಜ್ಯೋತಿಲಕ್ಷ್ಮಿ.

"ಏನಂದೆ? ಆಟೋ?" ವಿಶ್ವನಾಥನಿಗೆ ಬೆಂಕಿ ತಗಲಿದಂತಾಯಿತು. "ಬಾಗ್ಲಲ್ಲಿ ಇಂಥ ಗಾಡಿ ಇಟ್ಕೊಂಡು, ಇಷ್ಟು ವರ್ಷದ ಮೇಲೆ ತಂಗಿ ಮನೆಗೆ ಆಟೋದಲ್ಲಿ ಹೋಗಿ ಇಳೀತೀಯಾ? ನನ್ನ ಮರ್ಯಾದೆ ಏನಾಗ್ಬೇಕು?"

"ಹಾಲುಕ್ಕಿಸೋಳು ನಾನು. ಮರ್ಯಾದೆ ನಿಮ್ಮದ್ಯಾಕೆ ಉಕ್ತಿದೆ?"

"ನೋಡು, ಬಿಟ್ಟ ಬಾಣ! ಕೂತ್ಕೊಂಡ್ರೆ ಲಗ್ಗೆರೆ, ಕಣ್ ಬಿಟ್ರೆ ಮಾಕಳಿ. ಹೊಸ ಟಯರಿನ ಮೊದಲ ಶುಭ ಪ್ರಯಾಣ ನಿನ್ನ ಜೊತೆಗೇ ಆಗ್ಲಿ ಅಂತ ನನ್ನಾಸೆ."

ಗಂಡನ ಬಾಯಿಂದ 'ನಿನ್ನ ಜೊತೆ' ಎಂಬ ಮಾತು ಬಂದು ಬಹಳ ಕಾಲವಾಗಿದ್ದರಿಂದ ಜ್ಯೋತಿಲಕ್ಷ್ಮಿ ಮೆತ್ತಗಾದಳು. ತಪ್ಪು ಮಾಡಿದಳು.

ಶುಕ್ರವಾರ ಬೆಳಗ್ಗೆ ವಿಶ್ವನಾಥ್ ರೇಷ್ಮೆ ಪಂಚೆಯುಟ್ಟು, ಹೆಗಲಿಗೆ ಜರಿ ಶಲ್ಯ ಹಾಕಿ, ಟಯರುಗಳ ಕೆಳಗೆ ನಿಂಬೆಹಣ್ಣಿಟ್ಟ. ಕಾರು ನಿಂಬೆಹಣ್ಣಿನ ಮುಂದೆ ಹತ್ತಲೋ ಬೇಡವೋ ಎಂಬಂತೆ ಒಂದು ಕ್ಷಣ ತಡೆಯಿತು. ಬುದ್ಧಿ ಇದ್ದವನಿಗೆ ಅಷ್ಟು ಸಾಕಿತ್ತು. ಜ್ಯೋತಿಲಕ್ಷ್ಮಿ ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು, ಬಾವಿಗೆ ಇಳಿಯುವವಳಂತೆ ಒಂದೊಂದೇ ಕಾಲನ್ನು ಕಾರಿನೊಳಗೆ ಇಳಿಬಿಟ್ಟಳು. ತೊಡೆಯ ಮೇಲೆ ಹಿತ್ತಾಳೆ ಪಾತ್ರೆ, ಅದರೊಳಗೆ ಅಕ್ಕಿ, ಬೆಲ್ಲ, ಅರಿಸಿನ ಕುಂಕುಮ, ಮೇಲೆ ತೆಂಗಿನಕಾಯಿ, ಅದರ ಮೇಲೊಂದು ಮೊಳ ಮಲ್ಲಿಗೆ.

"ಹೊರಡೋಣ್ವಾ?" ಎಂದ ವಿಶ್ವನಾಥ್, ವಿಮಾನದ ಪೈಲಟ್ಟಿನ ಠೀವಿಯಲ್ಲಿ.

ಹೊರಟರು. ಮನೆಯ ಗೇಟು ದಾಟಿದರು. ಮನೆಯ ಮುಂದಿನ ಹಂಪ್ ಬಂತು.

ಇಲ್ಲಿ ಲಗ್ಗೆರೆಯ ಒಂದು ಪದ್ಧತಿಯನ್ನು ಹೇಳಬೇಕು. ಮನೆ ಕಟ್ಟಿಸುವವನು ತಾರಸಿಗೆ ಮೋಲ್ಡ್ ಹಾಕಿದ ದಿನ ಉಳಿದ ಕಾಂಕ್ರೀಟನ್ನು ಎಸೆಯುವುದಿಲ್ಲ. ತನ್ನ ಬಾಗಿಲ ಮುಂದೆ ರಸ್ತೆಗೆ ಅಡ್ಡಲಾಗಿ ಸುರಿದು ಹಂಪ್ ಮಾಡಿಬಿಡುತ್ತಾನೆ. ಅದಕ್ಕೆ ಅನುಮತಿಯೂ ಇಲ್ಲ, ಅಳತೆಯೂ ಇಲ್ಲ. ಮನೆ ಎಷ್ಟು ದೊಡ್ಡದೋ ಹಂಪ್ ಅಷ್ಟು ಎತ್ತರ. ವಿಶ್ವನಾಥನದು ಬಾಡಿಗೆ ಮನೆಗಳೂ ಸೇರಿ ದೊಡ್ಡ ಕಟ್ಟಡ. ಆದ್ದರಿಂದ ಹಂಪ್ ಕೂಡ ಸಣ್ಣ ಗುಡ್ಡ. ಹಾಕಿಸಿದ ದಿನ "ಬೈಕ್ ಹುಡುಗ್ರು ಹಾರಾಡ್ತಾರೆ, ಇನ್ನೊಂದ್ ಬಾಂಡ್ಲಿ ಸುರೀರಿ" ಎಂದು ತಾನೇ ನಿಂತು ಹೇಳಿದ್ದ. ಹೊಸ ಟಯರು ಬಂದ ಮೇಲೂ ಒಬ್ಬನೇ ಇದ್ದಾಗ ಕಾರನ್ನು ಓರೆ ಮಾಡಿ, ಉಸಿರು ಬಿಗಿಹಿಡಿದು, ಹೇಗೋ ಅದನ್ನು ದಾಟಿಸುತ್ತಿದ್ದ.

ಇಂದು ಒಬ್ಬನೇ ಇರಲಿಲ್ಲ. ಮುಂದಿನ ಚಕ್ರ ಹತ್ತಿ ಇಳಿಯಿತು. ಹಿಂದಿನದು ಹತ್ತಲಿಲ್ಲ. ಕಾರಿನ ಹೊಟ್ಟೆ ಹಂಪಿನ ಮೇಲೆ ಕೂತು, ಕಬ್ಬಿಣದ ಬಾಗಿಲನ್ನು ಕಲ್ಲಿನ ಮೇಲೆ ಎಳೆದಂತೆ ಸದ್ದು ಮಾಡಿತು. ಬೀದಿಯ ಕಿಟಕಿಗಳೆಲ್ಲ ತೆರೆದವು.

ಆಗ ವಿಶ್ವನಾಥ್ ಒಂದು ಮಾತು ಆಡಿದ. ಗಂಡನಾದವನು ಅಂಥ ಮಾತನ್ನು ಬೀದಿಯಲ್ಲಂತೂ ಆಡಬಾರದು, ಆಡಿದರೂ ಕಿಟಕಿಗಾಜು ಏರಿಸಿಕೊಂಡು ಆಡಬೇಕು.

"ಜ್ಯೋತಿ, ನೀನೊಬ್ಳು ಇಳಿದ್ರೆ ದಾಟ್‌ಬಿಡುತ್ತೆ."

ಎದುರು ಮನೆಯ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಕ್ಲಿಪ್ಪನ್ನು ಹಲ್ಲಲ್ಲೇ ಕಚ್ಚಿಕೊಂಡು ನಿಂತಳು.

"ಒಳ್ಳೇ ದಿನ. ನನ್ನ ಬಾಯಿ ಬಿಡಿಸ್ಬೇಡಿ" ಎಂದಷ್ಟೇ ಹೇಳಿ ಜ್ಯೋತಿಲಕ್ಷ್ಮಿ ಪಾತ್ರೆ ಹಿಡಿದು ಇಳಿದಳು. ಕಾರು ಮೇಲೆದ್ದು, ದಾಟಿತು. ಆ ದಾಟಿದ್ದೇ ಅವಮಾನ! ಅವಳು ಇಳಿದ ಮೇಲೂ ದಾಟದಿದ್ದರೆ ಮಾನ ಉಳಿಯುತ್ತಿತ್ತು. ಅವಳು ಮತ್ತೆ ಬಾವಿಗಿಳಿದಳು. ಸೀಟ್ ಬೆಲ್ಟ್ ಸಿಕ್ಕಿಸುವಷ್ಟರಲ್ಲಿ ಪಕ್ಕದ ಮನೆಯವನ ಹಂಪ್ ಬಂತು. ಮತ್ತೆ ಇಳಿದಳು. ಹತ್ತಿದಳು. ಮುಂದೆ ವೈನ್ ಶಾಪಿನವನದು. ಇಳಿದಳು. ಅದಾದ ಮೇಲೆ ಹತ್ತುವ ಗೋಜಿಗೆ ಹೋಗಲಿಲ್ಲ.

"ನೀವು ನಿಧಾನಕ್ಕೆ ಬನ್ನಿ. ನಾನು ಮುಂದೆ ನಡೀತಿರ್ತೀನಿ" ಎಂದಳು.

ಹೀಗೆ ಆ ಮೆರವಣಿಗೆ ಹೊರಟಿತು. ಮುಂದೆ ರೇಷ್ಮೆ ಸೀರೆಯುಟ್ಟು, ಎರಡೂ ಕೈಯಲ್ಲಿ ಕಾಯಿ ಹೂವಿಟ್ಟ ಫಳಫಳ ಹೊಳೆಯುವ ಪಾತ್ರೆ ಹಿಡಿದು, ಸಿಟ್ಟಿನಿಂದ ಕೆಂಪಾದ ಮುಖದಲ್ಲಿ ನಡೆಯುವ ಹೆಂಗಸು. ಹಿಂದೆ ಅವಳ ಹೆಜ್ಜೆಗೆ ಸರಿಯಾಗಿ ತೆವಳುವ ಕೆಂಪು ಕಾರು. ಒಳಗೆ ಜರಿ ಶಲ್ಯದ ಗಂಡಸು. ನೋಡಿದವರು ಏನೆಂದುಕೊಳ್ಳಬೇಕು? ಬೇಕರಿಯ ಮುಂದೆ ಟೀ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು ಎದ್ದು ನಿಂತರು. ಮುದುಕಿಯೊಬ್ಬಳು ಅಡ್ಡ ಬಂದು ಪಾತ್ರೆಗೆ ಕೈ ಮುಗಿದು, "ಯಾವ್ ತಾಯಿನವ್ವ ಬಂದಿರೋದು?" ಎಂದು ಕೇಳಿದಳು. ಹೂವಿನವಳು ಒಂದು ಹಿಡಿ ಸೇವಂತಿಗೆಯನ್ನು ಪಾತ್ರೆಗೂ ಮತ್ತೊಂದು ಹಿಡಿಯನ್ನು ಕಾರಿನ ಮೂತಿಗೂ ಎರಚಿದಳು. ಯಾರೋ ಪುಣ್ಯಾತ್ಮ ರಸ್ತೆ ನಡುವೆ ನಿಂತು, ಎದುರಿನ ಆಟೋಗಳನ್ನು ತಡೆದು ದಾರಿ ಬಿಡಿಸಿಕೊಟ್ಟ. ವಿಶ್ವನಾಥ್ ತನ್ನ ಬದುಕಿನಲ್ಲಿ ಎಷ್ಟೋ ಮೆರವಣಿಗೆ ತೆಗೆದಿದ್ದ. ಜನ ಸೇರಿಸಲು ಲಾರಿ ಕಳಿಸಿ, ಚಿತ್ರಾನ್ನದ ಪೊಟ್ಟಣ ಹಂಚಿದರೂ ಇಷ್ಟು ಜನ ಸೇರಿದ್ದಿಲ್ಲ.

ಅಷ್ಟರಲ್ಲಿ ಬಿಳಿ ಅಂಗಿಯವನೊಬ್ಬ ಕಿಟಕಿಯೊಳಗೆ ತಲೆ ಹಾಕಿದ.

"ಸಾರ್, ಯಾವ ಪಾರ್ಟಿ?"

"ಪಾರ್ಟಿ ಇಲ್ಲ ರೀ, ಗೃಹಪ್ರವೇಶ."

"ಇಂಡಿಪೆಂಡೆಂಟಾ? ಆಗ್ಲಿ ಸಾರ್. ನಮ್ಮ ಮೂರನೇ ಕ್ರಾಸಿನ ಮೋರಿ ವಿಷಯ ಒಂಚೂರು ನೋಡ್ಬೇಕು."

ನೋಡುವುದಾಗಿ ವಿಶ್ವನಾಥ್ ಭರವಸೆ ಕೊಟ್ಟ. ಇನ್ನೇನು ಮಾಡುತ್ತಾನೆ?

ತಿರುವಿನಲ್ಲಿ ಬಸಕ್ಕ ಸಿಕ್ಕಿದಳು. ಬಸಕ್ಕನೆಂದರೆ ಲಗ್ಗೆರೆಯ ಸಂದಿಯಲ್ಲಿ ಇನ್ನೂ ಹಸು ಕಟ್ಟಿಕೊಂಡಿರುವ ಗಟ್ಟಿ ಮುದುಕಿ. ಸುತ್ತಮುತ್ತಲ ಗೃಹಪ್ರವೇಶಗಳಿಗೆಲ್ಲ ಅವಳ ಗೌರಿ ಎಂಬ ಹಸುವೇ ಹೋಗಬೇಕು. ಮಾಕಳಿಯಲ್ಲಿ ಸೈಟುಗಳಾಗಿ ಹಸು ಸಿಗುವುದಿಲ್ಲವೆಂದು ದಿವ್ಯಾಳೂ ಅದನ್ನೇ ಗೊತ್ತು ಮಾಡಿದ್ದಳು. ಬಸಕ್ಕ ಆಗತಾನೇ ಗೌರಿಯನ್ನೂ ಕರುವನ್ನೂ ಪುಟ್ಟ ಗೂಡ್ಸ್ ಗಾಡಿಗೆ ಹತ್ತಿಸುತ್ತಿದ್ದಳು.

"ಯಾಕವ್ವ, ನಡ್ಕಂಡೇ ಒಂಟೆ?"

"ಇಲ್ಲ ಬಸಕ್ಕ, ಕಾರಲ್ಲಿ ಹೋಗ್ತಿದೀನಿ."

ಬಸಕ್ಕ ಅವಳನ್ನು ನೋಡಿದಳು. ಹಿಂದೆ ಬರುತ್ತಿದ್ದ ಕಾರನ್ನು ನೋಡಿದಳು. "ಕಾರು ಇಂದ್ಗಡೆ ಐತಲ್ಲವ್ವ?"

ಜ್ಯೋತಿಲಕ್ಷ್ಮಿ ಪಾತ್ರೆಯ ಮೇಲಿನ ಹೂವನ್ನು ಸರಿಮಾಡಿಕೊಂಡಳು. ಬಸಕ್ಕನೇ ಮುಂದುವರಿಸಿದಳು: "ನಮ್ ಗಾಡೀಗ್ ಬತ್ತೀಯಾ? ಮುಂದ್ಗಡೆ ಜಾಗ ಐತೆ. ಅಸಕ್ಕೆ ಒಂದಿಷ್ಟು ಉಲ್ಲು ಆಕ್ಬುಟ್ಟು ಒಂಟೆವು."

"ಬೇಡ ಬಸಕ್ಕ!" ಎಂದು ಕಾರಿನೊಳಗಿಂದ ವಿಶ್ವನಾಥ್ ಕೂಗಿದ. "ಮೇನ್ ರೋಡ್ ಸಿಗೋದೊಂದೇ ಬಾಕಿ. ಆಮೇಲೆ ನಮ್ಮನ್ನ ಹಿಡಿಯೋಕೆ ಆಗಲ್ಲ!"

ಮೇನ್ ರೋಡು ಸಿಕ್ಕಿತು, ಜ್ಯೋತಿಲಕ್ಷ್ಮಿ ಮತ್ತೆ ಬಾವಿಗಿಳಿದಳು. ಸುಳ್ಳು ಹೇಳಬಾರದು, ತುಮಕೂರು ರಸ್ತೆಯ ಫ್ಲೈಓವರಿನ ಮೇಲೆ ಕಾರು ನಿಜಕ್ಕೂ ಹಾರಿತು. ಮೂರನೇ ಗೇರಿಗೆ ಮುಕ್ತಿ ಸಿಕ್ಕಿತು, ನಾಲ್ಕನೆಯದಕ್ಕೂ ಸಿಕ್ಕಿತು. ಟಯರುಗಳು ಹಾಡಿದವು. ವಿಶ್ವನಾಥ್ ಒಂದು ಕೈಯಲ್ಲಿ ಮೀಸೆ ತಿರುವಿ, "ಹೆಂಗಿದೆ?" ಎಂದ.

"ಗಾಡಿ ನಿಲ್ಸಿದ್ಮೇಲೆ ಹೇಳ್ತೀನಿ" ಎಂದಳು ಜ್ಯೋತಿಲಕ್ಷ್ಮಿ, ಪಾತ್ರೆಯನ್ನು ಎದೆಗವಚಿಕೊಂಡು.

ಹೇಳುವ ಅವಕಾಶ ಬೇಗ ಬಂತು. ಮಾಕಳಿಗೆ ಇನ್ನೇನು ಸ್ವಲ್ಪ ದೂರವಿದೆ ಎನ್ನುವಾಗ ಸರ್ವಿಸ್ ರಸ್ತೆಗೆ ಇಳಿದ. ಅಲ್ಲೊಂದು ಗುಂಡಿ, ಹಿಂದಿನ ದಿನದ ಮಳೆನೀರು ತುಂಬಿಕೊಂಡು ನೆಲದಂತೆ ಸಮನಾಗಿ, ಸಾಧುವಿನಂತೆ ಮಲಗಿತ್ತು. ಲಾರಿಗಳು ಅದರಲ್ಲಿ ಹಾದುಹೋಗುತ್ತಿದ್ದವು, ಆಟೋಗಳು ಹೋಗುತ್ತಿದ್ದವು. ಕೋಳಿ ಬುಟ್ಟಿ ಕಟ್ಟಿಕೊಂಡ ಮೊಪೆಡ್ಡೂ ಹೋಯಿತು. ವಿಶ್ವನಾಥನ ಕಾರು ಹೋಯಿತು.

ಧಡ್! ಆಮೇಲೆ ಬುಸ್‌ಸ್‌ಸ್...

ಹಳೆಯ ಟಯರಾಗಿದ್ದರೆ ಆ ಪೆಟ್ಟನ್ನು ನುಂಗಿಕೊಳ್ಳುತ್ತಿತ್ತು. ಈ ರಬ್ಬರ್ ಬಳೆಗೆ ನುಂಗಲು ಹೊಟ್ಟೆಯೇ ಇರಲಿಲ್ಲ. ಪಕ್ಕದಲ್ಲಿ ಬಾಯಿ ಬಿಟ್ಟಂತೆ ಹರಿದುಹೋಯಿತು.

"ಏನೂ ಆಗಿಲ್ಲ, ಏನೂ ಆಗಿಲ್ಲ. ಸ್ಟೆಪ್ನಿ ಹಾಕಿದ್ರೆ ಆಯ್ತು" ಎಂದು ವಿಶ್ವನಾಥ್ ಪಂಚೆ ಎತ್ತಿ ಕಟ್ಟಿ ಡಿಕ್ಕಿ ತೆರೆದ. ಅಲ್ಲಿ ಸ್ಟೆಪ್ನಿ ಇರಲಿಲ್ಲ. ಆ ಜಾತಿಯ ಕಾರಿಗೆ ಸ್ಟೆಪ್ನಿ ಕೊಡುವುದೇ ಇಲ್ಲವೆಂಬುದು ಅವನಿಗೆ ಅಂದು, ಆ ಜಾಗದಲ್ಲಿ, ಆ ವೇಷದಲ್ಲಿ ತಿಳಿಯಿತು. ಇದ್ದದ್ದು ಒಂದು ಬಾಟಲಿ, ಪುಟ್ಟದೊಂದು ಗಾಳಿ ಹೊಡೆಯುವ ಯಂತ್ರ. ಬಾಟಲಿಯಲ್ಲಿದ್ದ ಮದ್ದನ್ನು ಟಯರಿಗೆ ತುಂಬಿ ಗಾಳಿ ಹೊಡೆದರೆ ತೂತು ತಾನೇ ಮುಚ್ಚಿಕೊಳ್ಳುತ್ತದೆ. ಮೊಳೆ ಚುಚ್ಚಿದ ತೂತಾದರೆ ಮುಚ್ಚುತ್ತದೆ. ಇಲ್ಲಿದ್ದದ್ದು ಕೈ ತೂರುವಷ್ಟು ಹರಕು. ವಿಶ್ವನಾಥ್ ಆದರೂ ತುಂಬಿದ, ಯಂತ್ರದ ಗುಂಡಿ ಒತ್ತಿದ. ಟಯರಿನ ಪಕ್ಕದಿಂದ ಬೆಳ್ಳನೆಯ ನೊರೆ ಬುಳುಬುಳನೆ ಉಕ್ಕಿ, ಅವನ ಪಂಚೆಯ ಮೇಲೂ ರಸ್ತೆಯ ಮೇಲೂ ಹರಿಯಿತು.

ಜ್ಯೋತಿಲಕ್ಷ್ಮಿ ಅದನ್ನು ನೋಡುತ್ತಾ ನಿಂತಳು.

"ಪೂರ್ವದ ಕಡೆಗೇ ಉಕ್ಕಿದೆ. ಶುಭ" ಎಂದಳು. "ಇನ್ನು ನಾನ್ಯಾಕೆ ಅಲ್ಲಿಗೆ ಹೋಗ್ಬೇಕು? ಕಾರ್ಯ ಇಲ್ಲೇ ಆಯ್ತಲ್ಲ."

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ದಿವ್ಯಾ. ದನಿ ಆಚೆಗೂ ಕೇಳುವಷ್ಟು ಜೋರಾಗಿತ್ತು: "ಅಕ್ಕಾ, ಎಲ್ಲಿದೀಯಾ? ಕೃಷ್ಣಮ್ಮ ಅತ್ಗೆ ಸ್ಟೀಲ್ ಪಾತ್ರೆ ತೊಳೆದು ಒಲೆ ಮೇಲೆ ಇಟ್‌ಬಿಟ್ಟಿದಾರೆ. ಹಸು ಬರ್ತಿದ್ದಂಗೇ ಹಚ್ತಾರಂತೆ. ನೀನು ಬರ್ತೀಯ ತಾನೇ? ಮನಸಲ್ಲಿ ಏನೂ ಇಟ್ಕೊಂಡಿಲ್ಲ ತಾನೇ?"

"ಛೆ, ಏನಿಲ್ಲ ಕಣೇ. ಬಂದ್ವಿ, ಇಲ್ಲೇ ಹತ್ರ ಇದೀವಿ" ಎಂದಳು ಜ್ಯೋತಿಲಕ್ಷ್ಮಿ.

ಫೋನಿಟ್ಟ ಮೇಲೆ ಅವಳು ಗಂಡನನ್ನು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಮೂವತ್ತು ವರ್ಷ ಬೈಸಿಕೊಂಡು ಅಭ್ಯಾಸವಾದ ಮೈ. ಅವಳು ಸುಮ್ಮನೆ ಪಾತ್ರೆಯ ಅಂಚಿಗೆ ಸಿಡಿದಿದ್ದ ಕೆಸರನ್ನು ಸೆರಗಿನ ತುದಿಯಿಂದ ಒರೆಸುತ್ತಾ ನಿಂತಳು. ತಾನು ಬರದಿದ್ದರೆ ತಂಗಿ ಏನೆಂದುಕೊಳ್ಳುತ್ತಾಳೆ ಎಂಬುದು ಅವಳ ಮುಖದ ಮೇಲೆಲ್ಲ ಬರೆದಿತ್ತು. ವಿಶ್ವನಾಥನಿಗೆ ನಾಚಿಕೆ ಎನ್ನುವುದು ಅಂಗಾಲಿನಿಂದ ಹತ್ತಿ ಕಿವಿಯವರೆಗೆ ಬಂತು. ಲಾಠಿಯ ಏಟು ತಿಂದಿದ್ದ, ಜೈಲಿನ ಸೊಳ್ಳೆ ಕಚ್ಚಿಸಿಕೊಂಡಿದ್ದ. ಇಷ್ಟು ಸಣ್ಣವನಾಗಿರಲಿಲ್ಲ.

ರಸ್ತೆಗೆ ಅಡ್ಡ ನಿಂತು ಆಟೋಗಳಿಗೆ ಕೈ ಬೀಸಿದ. ನೊರೆ ಮೆತ್ತಿದ ಪಂಚೆಯ ಮನುಷ್ಯ ರಸ್ತೆ ನಡುವೆ ಕುಣಿಯುವುದನ್ನು ಕಂಡು ಆಟೋದವರು ವೇಗ ಹೆಚ್ಚಿಸಿ ದಾಟಿದರು. ಮೊಬೈಲಿನಲ್ಲಿ ಟ್ಯಾಕ್ಸಿ ಹುಡುಕಿದ. ಸಿಕ್ಕಿದವನು ಫೋನ್ ಮಾಡಿ, "ಸಾರ್, ಡ್ರಾಪ್ ಎಲ್ಲಿ? ಮಾಕಳೀನಾ? ಅಷ್ಟ್ ಹತ್ರಕ್ಕಾ?" ಎಂದು ನಕ್ಕು ರದ್ದು ಮಾಡಿದ.

ಆಗ ಹಿಂದಿನಿಂದ ಪೀಂ ಪೀಂ ಎನ್ನುತ್ತಾ ಬಸಕ್ಕನ ಗಾಡಿ ಬಂತು. ಹಿಂದುಗಡೆ ನಿಂತಿದ್ದ ಗೌರಿ, ಹುಲ್ಲು ಮೆಲುಕು ಹಾಕುತ್ತಾ, ಮೂರು ಕಾಲಿನ ಸ್ಪೋರ್ಟ್ಸ್ ಕಾರನ್ನು ಮೇಲಿನಿಂದ ಕೆಳಗೆ ನೋಡಿತು.

"ಯಾಕ್ ಸಾಮಿ, ನಮ್ಗೇ ಅಂತ ಕಾಯ್ತಿದ್ರಾ?" ಎಂದಳು ಬಸಕ್ಕ.

ಜ್ಯೋತಿಲಕ್ಷ್ಮಿ ಸೆರಗು ಸಿಕ್ಕಿಸಿ, ಮುಂದೆ ಹತ್ತಿ ಬಸಕ್ಕನ ಪಕ್ಕದಲ್ಲಿ ಕೂತಳು. ಆ ಸೀಟು ಎತ್ತರದಲ್ಲಿತ್ತು, ಬಾವಿಯಲ್ಲಿರಲಿಲ್ಲ.

"ನಾನು?" ಎಂದ ವಿಶ್ವನಾಥ್.

"ಇಂದೆ ಅತ್ಕಳಿ. ಒಳ್ಳೇದೇ ಆಯ್ತು, ಕರ ಒಂದೇ ಸಮ ನೆಗೀತಾ ಐತೆ. ಗಟ್ಟಿಯಾಗ್ ಇಡ್ಕಳಿ. ಬುಟ್ಟೀರಾ, ಜ್ವಾಕೆ!"

ವಾದ ಮಾಡಲು ಹೊತ್ತಿರಲಿಲ್ಲ. ನಾಲ್ಕೂ ದೀಪ ಮಿಣುಕಿಸುತ್ತಾ ಕೆಂಪು ಕಾರು ಅನಾಥವಾಗಿ ನಿಂತಿತು. ವಿಶ್ವನಾಥ್ ಪೊಲೀಸ್ ವ್ಯಾನು ಹತ್ತಿದ ಅಭ್ಯಾಸದಿಂದ ಒಂದೇ ನೆಗೆತಕ್ಕೆ ಹಿಂದೆ ಹತ್ತಿದ. ಅಭ್ಯಾಸಬಲದಿಂದ ಬಲಗೈ ಮುಷ್ಟಿಯೂ ಅರ್ಧ ಮೇಲೆದ್ದಿತ್ತು, ಸಮಯಕ್ಕೆ ಸರಿಯಾಗಿ ಇಳಿಸಿಕೊಂಡ. ಒಂದು ಕೈಯಲ್ಲಿ ಕರುವಿನ ಹಗ್ಗ, ಇನ್ನೊಂದರಲ್ಲಿ ಗಾಡಿಯ ಸರಳು. ಗೌರಿ ಇವನನ್ನು ಗೋಡೆಯೆಂದು ತಿಳಿದು ನಿಶ್ಚಿಂತೆಯಿಂದ ಒರಗಿಕೊಂಡಿತು. ಆ ಮೇಲೆ ಬಾಲ ಎತ್ತಿತು. ಕರು ಜರಿ ಶಲ್ಯದ ತುದಿಯನ್ನು ಬಾಯಿಗಿಟ್ಟುಕೊಂಡು ಚೀಪತೊಡಗಿತು. ಗಾಡಿ ಗುಂಡಿಯನ್ನು ಗುಂಡಿಯೆಂದೇ ಎಣಿಸದೆ, ಹಂಪನ್ನು ಹಂಪೆಂದೇ ಗುರುತಿಸದೆ, ಬಿಟ್ಟ ಬಾಣದಂತೆ ಮಾಕಳಿಗೆ ಓಡಿತು.

ದಿವ್ಯಾಳ ಹೊಸ ಮನೆಯ ಮುಂದೆ ಶಾಮಿಯಾನ, ವಾದ್ಯ, ಬಳಗವೆಲ್ಲ ಸೇರಿತ್ತು. ಗಾಡಿ ನಿಂತದ್ದೇ ಜ್ಯೋತಿಲಕ್ಷ್ಮಿ ಮುಂದಿನಿಂದ ಇಳಿದು, ಪಾತ್ರೆ ಎತ್ತಿ ಹಿಡಿದು, ಜನರ ನಡುವೆ ನುಗ್ಗಿ ಓಡಿದಳು. "ಅಕ್ಕಾ!" ಎಂಬ ದಿವ್ಯಾಳ ಕೂಗು ವಾದ್ಯವನ್ನೂ ಮೀರಿ ಕೇಳಿಸಿತು. ಇತ್ತ ಮುತ್ತೈದೆಯರು ಆರತಿ ತಟ್ಟೆ ಹಿಡಿದು ಗಾಡಿಯ ಹಿಂಭಾಗಕ್ಕೆ ಬಂದು ಸಾಲಾಗಿ ನಿಂತರು. ಮೊಬೈಲುಗಳೆಲ್ಲ ಮೇಲೆದ್ದವು. ಗೋಮಾತೆಯ ದರ್ಶನಕ್ಕೆ ಡ್ರೈವರ್ ಹಿಂಬಾಗಿಲನ್ನು ದಡಕ್ಕನೆ ಇಳಿಸಿದ.

ಕಂಡದ್ದು ವಿಶ್ವನಾಥ್. ತಲೆಯಲ್ಲಿ ಹುಲ್ಲು, ಪಂಚೆಯಲ್ಲಿ ನೊರೆ, ಮೊಣಕಾಲಿನಿಂದ ಕೆಳಗೆ ಸಗಣಿ. ಒಬ್ಬಾಕೆ ಅವಸರದಲ್ಲಿ ಅವನಿಗೇ ಆರತಿ ಎತ್ತಿಬಿಟ್ಟಳು.

"ಏ, ನೀನ್ಯಾಕಯ್ಯ ಅಡ್ಡ ನಿಂತೆ? ಹಸು ಬಿಡು, ಹಸು ಮೊದಲು! ರಾಹುಕಾಲ ಬಂತು!" ಎಂದು ಪುರೋಹಿತರು ಗದರಿದರು.

ಕರು ಹೋದಲ್ಲಿಗೆ ಹಸು ಹೋಗುತ್ತದೆ. ಕರುವಿನ ಹಗ್ಗ ವಿಶ್ವನಾಥನ ಕೈಯಲ್ಲಿತ್ತು. ಹೀಗಾಗಿ ಷಡ್ಡಕನ ಹೊಸ ಮನೆಗೆ ಅವನ ಪ್ರವೇಶ ಬಲಗಾಲಿಟ್ಟು, ಕರುವನ್ನು ಎಳೆಯುತ್ತಾ, ಹಿಂದಿನಿಂದ ಗೌರಿಯ ಕೊಂಬಿನಲ್ಲಿ ತಿವಿಸಿಕೊಳ್ಳುತ್ತಾ ನೆರವೇರಿತು. ನಡುಮನೆಯ ನುಣುಪು ಟೈಲ್ಸ್ ಮೇಲೆ ಗೌರಿ ಸಗಣಿ ಹಾಕಿತು. ಶುಭ ಶುಭ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು.

"ಶುಭ ಆಯ್ತು, ಈಗ ಬಾಚಪ್ಪ ಬೇಗ. ಜನ ಜಾರಿ ಬಿದ್ದಾರು" ಎಂದು ಒಬ್ಬ ದೊಡ್ಡ ಹೆಂಗಸು ಮೊರವೊಂದನ್ನು ಅವನ ಕೈಗೆ ಕೊಟ್ಟಳು. ಕೃಷ್ಣಮ್ಮ. ದಿವ್ಯಾಳ ಮದುವೆಯಲ್ಲಿ ಒಮ್ಮೆ ಕಂಡಿದ್ದವಳಿಗೆ ಈ ಅವತಾರದಲ್ಲಿ ಗುರುತು ಹತ್ತಲಿಲ್ಲ. 'ನಾನು ದಿವ್ಯಾಳ ಭಾವ ಕಣಮ್ಮಾ' ಎನ್ನಲು ವಿಶ್ವನಾಥ್ ಬಾಯಿ ತೆರೆದ. ಹಾಗೆಂದರೆ, ಹಸುವಿನ ಜೊತೆ ಯಾಕೆ ಬಂದಿರಿ ಎನ್ನುತ್ತಾರೆ. ಕಾರೆಲ್ಲಿ ಎನ್ನುತ್ತಾರೆ. ಟಯರಿನ ಕತೆ ಹೇಳಬೇಕು, ಹಂಪಿನ ಕತೆ ಹೇಳಬೇಕು, ಬೀದಿಯಲ್ಲಿ ಹೆಂಡತಿಗೆ ಆಡಿದ ಆ ಮಾತನ್ನೂ ಹೇಳಬೇಕು.

ತೆರೆದ ಬಾಯಿ ಮುಚ್ಚಿ, ಬಗ್ಗಿ ಬಾಚಿದ.

ಬಗ್ಗಿದಲ್ಲಿಂದಲೇ ಅಡುಗೆಮನೆ ಕಾಣುತ್ತಿತ್ತು. ಒಲೆಯ ಮೇಲೆ ಹಿತ್ತಾಳೆ ಪಾತ್ರೆ, ಒಂದು ಪಕ್ಕ ಅಕ್ಕ, ಒಂದು ಪಕ್ಕ ತಂಗಿ. ಹಾಲು ಏರಿ, ಅಂಚಿನಲ್ಲಿ ಒಂದು ಗಳಿಗೆ ತಡೆದು, ಉಕ್ಕಿ ಹರಿಯಿತು. ಇಬ್ಬರೂ ಒಟ್ಟಿಗೇ ಅತ್ತರು, ಒಟ್ಟಿಗೇ ಮೂಗು ಸೀಟಿದರು. ಸ್ಟೀಲ್ ಪಾತ್ರೆ ಮೂಲೆಯಲ್ಲಿ ಬೋರಲು ಬಿದ್ದಿತ್ತು.

ಕೃಷ್ಣಮ್ಮ ಒಂದು ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ಮೇಲೊಂದು ನೋಟಿಟ್ಟು ತಂದು ವಿಶ್ವನಾಥನ ಸಗಣಿಗೈಗೆ ತಾಗದಂತೆ ಮೇಲಿನಿಂದ ಬಿಟ್ಟಳು. "ಹಿಂದ್ಗಡೆ ನಲ್ಲಿ ಇದೆ, ಕೈ ತೊಳ್ಕೊಂಡು ಊಟ ಮಾಡ್ಕೊಂಡು ಹೋಗಪ್ಪ" ಎಂದಳು. ಆಮೇಲೆ ಅಡುಗೆಮನೆಯ ಕಡೆ ತಿರುಗಿ, ಇಡೀ ಬಳಗಕ್ಕೆ ಕೇಳುವಂತೆ ಕೂಗಿದಳು:

"ಜ್ಯೋತಿ, ನೀನೊಬ್ಳೇ ಬಂದ್ಯಲ್ಲಮ್ಮ? ಎಲ್ಲಿ, ನಿಮ್ಮೆಜಮಾನ್ರು ಬರ್ಲೇ ಇಲ್ಲ?"

ಜ್ಯೋತಿಲಕ್ಷ್ಮಿ ಹೊಸಿಲಿಗೆ ಬಂದು ನಿಂತಳು. ನಡುಮನೆಯಲ್ಲಿ ಮೊರ ಹಿಡಿದು, ಶಲ್ಯವನ್ನು ಕರುವಿನ ಬಾಯಿಗೆ ಬಿಟ್ಟು ನಿಂತವನನ್ನು ಅಡಿಯಿಂದ ಮುಡಿಯವರೆಗೆ ಸಾವಕಾಶವಾಗಿ ನೋಡಿದಳು.

"ಬರ್ತಾ ಇದಾರೆ ಅತ್ಗೆ" ಎಂದಳು. "ಅವ್ರದ್ದು ಸ್ಪೋರ್ಟ್ಸ್ ಕಾರಲ್ವಾ? ಸ್ವಲ್ಪ ನಿಧಾನ ಆಗುತ್ತೆ."